ರೋಗ ಗುಣವಾಗದಿದ್ದರೆ ವಿಶ್ವಾಸ ಕಡಿಮೆ ಎಂದರ್ಥವೇ?

ಪ್ರಶ್ನೆ (ಮಂಡ್ಯದಿಂದ ಒಬ್ಬ ಸಹೋದರಿ):
ನಮ್ಮ ಯಜಮಾನರ ಎರಡೂ ಕಿಡ್ನಿಗಳು ಕೆಟ್ಟಿರುವುದರಿಂದ ಡಯಾಲಿಸಿಸ್‌ಗಾಗಿ ಮಂಡ್ಯದಿಂದ ಮೈಸೂರಿಗೆ ಓಡಾಡುತ್ತಿದ್ದೇವೆ. ಕಬ್ಬಿನ ದುಡ್ಡು ಇನ್ನೂ ಕೈಸೇರಿಲ್ಲ, ಸೊಸೈಟಿಯ ಸಾಲವೂ ತೀರಿಲ್ಲ. ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ) ಸಭೆಯವರು. ಮನೆಗೆ ಪ್ರಾರ್ಥನೆಗೆಂದು ಬಂದ ಕೆಲವರು, ವಿಶ್ವಾಸ ಪೂರ್ಣವಾಗಿದ್ದರೆ ಇಷ್ಟು ಹೊತ್ತಿಗೆ ಗುಣವಾಗಬೇಕಿತ್ತು, ಯಾವುದೋ ಪಾಪ ಅಡ್ಡ ನಿಂತಿದೆ ಎಂದು ರೋಗಿಯ ಎದುರಿನಲ್ಲೇ ಹೇಳಿ ಹೋದರು. ಅಂದಿನಿಂದ ಯಜಮಾನರು ಆರಾಧನೆಗೆ ಬರಲು ಒಪ್ಪುತ್ತಿಲ್ಲ. ನನಗೂ ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ಇಂಥ ಸ್ಥಿತಿಯಲ್ಲಿ ವಿಶ್ವಾಸದಲ್ಲಿ ನೆಲೆನಿಲ್ಲುವುದು ಹೇಗೆ?

ಉತ್ತರ 1 (ಮೈಸೂರು, ಭಾನುವಾರದ ಶಾಲೆಯ ಶಿಕ್ಷಕ):
ಅಮ್ಮಾ, ನಿಮ್ಮ ಮನೆಗೆ ಬಂದವರು ಹೇಳಿದ ಮಾತನ್ನೇ ಬೈಬಲಿನ ಯೋಬನ ಗ್ರಂಥದಲ್ಲಿ, ತಪ್ಪಿಲ್ಲದೆಯೂ ಕಷ್ಟ, ರೋಗಗಳಿಗೆ ಸಿಕ್ಕಿದ ಯೋಬನಿಗೆ ಅವನ ಸ್ನೇಹಿತರೂ ಹೇಳಿದ್ದರು. ಆ ಗ್ರಂಥದ ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು, ಅಷ್ಟೆಲ್ಲ ವಾದಿಸಿದ ಯೋಬನ ಮೇಲಲ್ಲ, ಬುದ್ಧಿ ಹೇಳಲು ಬಂದ ಆ ಮೂವರ ಮೇಲೆ ಎಂಬುದನ್ನು ಓದಿ ನೋಡಿ. ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ತನ್ನ ‘ಶರೀರದ ಮುಳ್ಳನ್ನು’, ಎಂದರೆ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು, ತೆಗೆಯಬೇಕೆಂದು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ. ಅವನಿಗೆ ಸಿಕ್ಕ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬುದು. ಪೌಲನಿಗೆ ವಿಶ್ವಾಸ ಸಾಲದಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಮಾತು ಹೊರಡದಿದ್ದರೆ ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳ ಮಾತನ್ನೇ ಸಾಲವಾಗಿ ಪಡೆಯಿರಿ. 13ನೆಯ ಕೀರ್ತನೆ ಆರೇ ವಚನಗಳದ್ದು, ‘ಇನ್ನೆಷ್ಟು ಕಾಲ’ ಎಂಬ ಮೊರೆಯಿಂದಲೇ ಅದು ತೊಡಗುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲನ್ನು ಯಾರೂ ಅದರ ಕೊನೆಗೆ ಸೇರಿಸಲಿಲ್ಲ. ದೇವರ ಮುಂದೆ ಗೋಳಾಡುವುದೂ ದೇವರನ್ನು ಬಿಡದೆ ಹಿಡಿದಿರುವುದೇ ಆಗಿದೆ. ಪ್ರವಾದಿ ಎಲೀಯನು ಸಾಯಲು ಬಯಸಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಗದರಿಸಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು, ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಾರಿಯೂ ಎಬ್ಬಿಸಿ, ದಾರಿ ದೂರವಿದೆ, ಊಟಮಾಡು ಎಂದನು. ಆರೈಕೆ ಮಾಡುವ ನೀವೂ ಹೊತ್ತಿಗೆ ಸರಿಯಾಗಿ ಊಟ, ನಿದ್ರೆ ಮಾಡಬೇಕು.

ಉತ್ತರ 2 (ಮೈಸೂರು):
ನಾನು ಕ್ಯಾಥೊಲಿಕಳು. ಮಾರ್ಕನು ಬರೆದ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆಯನ್ನು ತೆಗೆದು ಇಳಿಸಿದಾಗ, ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಆ ರೋಗಿ ಬಾಯಿಬಿಟ್ಟು ಒಂದು ಮಾತನ್ನೂ ಬೇಡಲಿಲ್ಲ. ಆದ್ದರಿಂದ ನಿಮ್ಮ ಯಜಮಾನರು ಸದ್ಯಕ್ಕೆ ಪ್ರಾರ್ಥಿಸದಿದ್ದರೆ ಬಲವಂತ ಬೇಡ, ಹೊರುವವರು ಇದ್ದರೆ ಸಾಕು. ಡಯಾಲಿಸಿಸ್‌ಗೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಜೊತೆಗೆ ಬೇರೆಯವರಿದ್ದ ದಿನ ಆ ಹೊತ್ತಿನಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಹೋಗಿ ಸುಮ್ಮನೆ ಕುಳಿತು ಬನ್ನಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಚರ್ಚದು, ಎಲ್ಲ ಮತದವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ನೀವು ಯಾವ ಸಭೆಯವರೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಉತ್ತರ 3 (ಮಂಡ್ಯ):
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಸ್ವಸ್ಥತೆಗಾಗಿ ಬೇಡುವುದನ್ನು ಬಿಡಬೇಡಿ. ರೋಗಿಯು ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯೇ ಹೇಳುತ್ತದೆ. ಯಾರಾದರೂ ‘ನಂಬಿಕೆಯಿದ್ದರೆ ಡಯಾಲಿಸಿಸ್ ನಿಲ್ಲಿಸಿ’ ಎಂದರೆ ಮಾತ್ರ ಅವರನ್ನು ಬಾಗಿಲಲ್ಲೇ ತಡೆಯಿರಿ, ಏಕೆಂದರೆ ಅದು ಪ್ರಾಣಕ್ಕೇ ಅಪಾಯ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದ ವೆಸ್ಲಿಯನ್ (ಒಂದು ಪ್ರೊಟೆಸ್ಟೆಂಟ್ ಪಂಗಡದ) ಮಿಷನರಿಗಳಿಗೆ ಪ್ರಾರ್ಥನೆಯೂ ಔಷಧವೂ ಒಂದಕ್ಕೊಂದು ವೈರಿಗಳೆಂದು ತೋರಿರಲಿಲ್ಲ.

ಯಜಮಾನರು ಆಲಯಕ್ಕೆ ಬರಲಾರರೆಂದು ಸಭಾಪಾಲಕರಿಗೆ ತಿಳಿಸಿದರೆ ಅವರು ಮನೆಗೇ ಬಂದು ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಕೊಡುತ್ತಾರೆ. ಡಯಾಲಿಸಿಸ್ ಆದ ದಿನ ಬಹಳ ಸುಸ್ತಿರುತ್ತದೆ, ಮರುದಿನ ಬರಹೇಳಿ. ನೋಡಲು ಬರುವವರಿಗೂ ಎಳನೀರು, ಬಾಳೆಹಣ್ಣು ತರಬಾರದೆಂದು ಮೊದಲೇ ಹೇಳಿಬಿಡಿ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಕೆಟ್ಟವರಿಗೆ ಅದು ಆಗಿಬರುವುದಿಲ್ಲ. ನಮ್ಮೂರಿನಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವವರು ಕಡಿಮೆ.