ಯುವಜನರೇ ಮುನ್ನಡೆಸುವ ತಂಬಾಕು ವಿರೋಧಿ ಕಾರ್ಯಕ್ರಮವನ್ನು ಹೇಗೆ ರೂಪಿಸಬೇಕು?

ಪ್ರಶ್ನೆ

ಮೇ 31ರ ವಿಶ್ವ ತಂಬಾಕು ರಹಿತ ದಿನದಂದು ನಮ್ಮ ಬಡಾವಣೆಯಲ್ಲಿ ಕಾರ್ಯಕ್ರಮವೊಂದನ್ನು ನಡೆಸಲು ನಾವು ಕೆಲವು ಯುವಕ ಯುವತಿಯರು ಮುಂದಾಗಿದ್ದೇವೆ. ಮೆರವಣಿಗೆ, ವೈದ್ಯರ ಭಾಷಣ ಮತ್ತು ಪ್ರತಿಜ್ಞಾ ಸ್ವೀಕಾರ ಇದ್ದರೆ ಸಾಕೆಂಬುದು ಹಿರಿಯರ ಸಲಹೆ. ಆದರೆ ಶಾಲೆಯಲ್ಲಿ ಇಂಥದ್ದೇ ಪ್ರತಿಜ್ಞೆ ಸ್ವೀಕರಿಸಿದ್ದ ನಮ್ಮ ಗೆಳೆಯರಲ್ಲೇ ಕೆಲವರು ಈಗ ಸಿಗರೇಟು, ಇ-ಸಿಗರೇಟು ಸೇದುತ್ತಿದ್ದಾರೆ. ಅವರ ಮನಸ್ಸು ನೋಯಿಸದೆ ಅವರನ್ನೂ ಒಳಗೊಳ್ಳುವಂತೆ ಕಾರ್ಯಕ್ರಮ ರೂಪಿಸುವುದು ಹೇಗೆ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1

ಯುವಜನರ ಹೆಸರಿನಲ್ಲಿ ನಡೆಯುವ ಬಹುಪಾಲು ಕಾರ್ಯಕ್ರಮಗಳಲ್ಲಿ ವಿಷಯ, ವೇದಿಕೆ, ಖರ್ಚು ಎಲ್ಲವನ್ನೂ ಹಿರಿಯರೇ ತೀರ್ಮಾನಿಸಿ, ಫಲಕ ಹಿಡಿಯುವ ಕೆಲಸವನ್ನಷ್ಟೇ ಕಿರಿಯರಿಗೆ ಬಿಡುತ್ತಾರೆ. ಅನುಮತಿ ಮತ್ತು ಸುರಕ್ಷತೆಯ ಹೊಣೆ ಹಿರಿಯರದಾಗಿರಲಿ. ಏನು ಹೇಳಬೇಕು, ಹಣವನ್ನು ಯಾವುದಕ್ಕೆ ಬಳಸಬೇಕು ಎಂಬ ನಿರ್ಧಾರ ನಿಮ್ಮದಾಗಿರಲಿ.

ಇನ್ನು ವಿಷಯಕ್ಕೆ ಬಂದರೆ, ಮುಂದೆಂದೋ ಬರಬಹುದಾದ ಕ್ಯಾನ್ಸರ್‌ನ ಭಯ ಹದಿನಾರರ ವಯಸ್ಸಿನವರನ್ನು ಅಷ್ಟಾಗಿ ತಟ್ಟುವುದಿಲ್ಲ. ಕೆಮ್ಮಿ ಕೆಮ್ಮಿ ಕುಸಿದು ಬೀಳುವ ಪಾತ್ರವನ್ನು ಬೀದಿ ನಾಟಕದಲ್ಲಿ ತಂದರೆ, ಆ ಪಾತ್ರ ಮಾಡುತ್ತಿರುವ ಗೆಳೆಯನನ್ನು ಗುರುತಿಸಿ ಮುಂದಿನ ಸಾಲಿನವರು ನಗುತ್ತಾರೆ, ಅಲ್ಲಿಗೆ ನಾಟಕ ಮುಗಿದಂತೆಯೇ. ಅದರ ಬದಲು, ಯಾರೋ ತಮ್ಮನ್ನು ಲೆಕ್ಕ ಹಾಕಿ ಗ್ರಾಹಕರನ್ನಾಗಿ ಮಾಡಿಕೊಳ್ಳುತ್ತಿದ್ದಾರೆ ಎಂಬ ಸಂಗತಿ ಆ ವಯಸ್ಸಿನವರನ್ನು ಕೆರಳಿಸುತ್ತದೆ. ಅಮೆರಿಕದಲ್ಲಿ ತಂಬಾಕು ಕಂಪನಿಗಳ ವಿರುದ್ಧ ಹೂಡಿದ ಮೊಕದ್ದಮೆಗಳಿಂದಾಗಿ ಆ ಕಂಪನಿಗಳ ಲಕ್ಷಾಂತರ ಪುಟಗಳ ಆಂತರಿಕ ದಾಖಲೆಗಳು ಬಹಿರಂಗವಾದವು. ಹಳೆಯ ಗ್ರಾಹಕರ ಜಾಗವನ್ನು ತುಂಬಲು ಎಳೆಯರು ಬೇಕೆಂಬ ಲೆಕ್ಕಾಚಾರ ಅವುಗಳಲ್ಲಿ ಸ್ಪಷ್ಟವಾಗಿದೆ. ಅಲ್ಲಿನ ಫ್ಲಾರಿಡಾ ರಾಜ್ಯದಲ್ಲಿ 1998ರಲ್ಲಿ ಯುವಜನರನ್ನು ಮುಂದಿಟ್ಟುಕೊಂಡು ಆರಂಭವಾದ ಪ್ರಚಾರವು ಸೇದುವವರನ್ನು ಬೈಯದೆ ಕಂಪನಿಗಳ ತಂತ್ರವನ್ನೇ ಬಯಲಿಗೆಳೆಯಿತು, ಮತ್ತು ನಂತರದ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳಲ್ಲಿ ಧೂಮಪಾನ ಗಮನಾರ್ಹವಾಗಿ ಇಳಿಯಿತು.

ನೀವೂ ಹೀಗೆ ಮಾಡಬಹುದು: ತಂಬಾಕು ಮತ್ತು ಇ-ಸಿಗರೇಟಿನ ಜಾಹೀರಾತುಗಳ, ಪೊಟ್ಟಣಗಳ ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಈ ಬಣ್ಣ, ಈ ಹಣ್ಣಿನ ಸುವಾಸನೆ, ಪೆನ್ ಡ್ರೈವ್‌ನಂತಹ ಈ ಆಕಾರ ಯಾರಿಗಾಗಿ ಎಂದು ಬಂದವರನ್ನು ಕೇಳಿ. ಉತ್ತರವನ್ನು ಅವರೇ ಹೇಳಲಿ, ನೀವು ಭಾಷಣ ಮಾಡಬೇಡಿ.

ಉತ್ತರ 2

ಹಿಂದಿನ ದಿನ ಕೈಗವಸು, ಇಕ್ಕಳ ಹಿಡಿದು ಬಡಾವಣೆಯಲ್ಲಿ ಬಿದ್ದಿರುವ ಸಿಗರೇಟು ತುಂಡುಗಳನ್ನು ಆಯ್ದು ಪಾರದರ್ಶಕ ಡಬ್ಬಿಯಲ್ಲಿ ತುಂಬಿಡಿ. ಅವುಗಳ ಫಿಲ್ಟರ್ ಹತ್ತಿಯದೆಂದು ಅನೇಕರು ತಿಳಿದಿರುತ್ತಾರೆ. ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನ ಎಳೆ.

ಉತ್ತರ 3

ಸೇದುವ ಗೆಳೆಯರ ಬಗ್ಗೆ ಕೇಳಿದ್ದೀರಿ, ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಪ್ರಶ್ನೆ. ಸೇದಿದ ಹೊಗೆಯಲ್ಲಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ, ಮತ್ತು ಮೆದುಳಿನ ಬೆಳವಣಿಗೆ ಸುಮಾರು 25ರ ವಯಸ್ಸಿನವರೆಗೂ ನಡೆಯುವುದರಿಂದ ಎಳೆಯರಲ್ಲಿ ಚಟ ಬೇಗ ಬೇರೂರುತ್ತದೆ. ಆದ್ದರಿಂದ ಅದನ್ನು ಮನೋಬಲದ ಕೊರತೆಯೆಂದು ಹೀಗಳೆಯುವುದು ಸರಿಯಲ್ಲ. ತಂಬಾಕು ಬಿಡಿಸುವ ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರನ್ನು ವೇದಿಕೆಯಿಂದ ದೂರದಲ್ಲಿ, ಯಾರ ಕಣ್ಣಿಗೂ ಬೀಳದೆ ಹೋಗಿ ಮಾತನಾಡಬಹುದಾದ ಕಡೆ ಕೂರಿಸಿ. ಅಲ್ಲಿ ಹೆಸರು ಬರೆಸಿಕೊಳ್ಳಬೇಡಿ, ಫೋಟೋ ತೆಗೆಯಬೇಡಿ. ಕೊನೆಯ ಸಿಗರೇಟು ಸೇದಿದ 20 ನಿಮಿಷಗಳಲ್ಲೇ ಹೃದಯ ಬಡಿತ ಇಳಿಯತೊಡಗುತ್ತದೆ, ವರ್ಷ ಕಳೆಯುವಷ್ಟರಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾಹಿತಿ, ಬಿಡಬೇಕೆಂದಿರುವವರಿಗೆ ಶ್ವಾಸಕೋಶದ ಕಪ್ಪು ಚಿತ್ರಗಳಿಗಿಂತ ಹೆಚ್ಚು ಉಪಯುಕ್ತ.

ಉತ್ತರ 4

ಪ್ರಾಯೋಜಕರ ವಿಷಯದಲ್ಲಿ ಎಚ್ಚರವಿರಲಿ. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದವು ತಂಬಾಕು ಪ್ರಾಯೋಜಕತ್ವವನ್ನು ಜಾಹೀರಾತಿನ ಜೊತೆಗೇ ಇಟ್ಟು, ಎರಡನ್ನೂ ನಿಷೇಧಿಸುವಂತೆ ಹೇಳುತ್ತದೆ. ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಬರುವ ಹಣದ ಮೂಲವನ್ನೂ ವಿಚಾರಿಸಿ. ಜೊತೆಗೆ ಸ್ಥಳೀಯ ಆಡಳಿತದ ಮುಂದೆ ಹತ್ತು ಬೇಡಿಕೆಗಳ ಬದಲು ಒಂದನ್ನೇ ಇಡಿ. ಉದಾಹರಣೆಗೆ, ಆಟದ ಮೈದಾನವನ್ನು ಹೊಗೆಮುಕ್ತಗೊಳಿಸಿ ಫಲಕ ಹಾಕಬೇಕೆಂಬುದು. ಮನವಿ ಕೊಟ್ಟವರೇ ತಿಂಗಳ ನಂತರ ಹೋಗಿ ಏನಾಯಿತೆಂದು ಕೇಳಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೀದಿ ನಾಟಕವನ್ನು ಕೈಬಿಟ್ಟು ಜಾಹೀರಾತಿನ ಮೇಜನ್ನು ಇಡಲು ನಿರ್ಧರಿಸಿದ್ದೇವೆ, ಮತ್ತು ಅದನ್ನು ನೋಡಿಕೊಳ್ಳಲು ಸೇದುವ ಗೆಳೆಯರಲ್ಲಿ ಒಬ್ಬನನ್ನೇ ಕೇಳುವವರಿದ್ದೇವೆ. ವೈದ್ಯರ ಭಾಷಣವನ್ನು ಹತ್ತು ನಿಮಿಷಕ್ಕೆ ಇಳಿಸಲು ಹಿರಿಯರನ್ನು ಒಪ್ಪಿಸುವುದು ಮಾತ್ರ ಇನ್ನೂ ಬಾಕಿ ಇದೆ.