ಮಡಿಕೇರಿಯ ಇಳಿಜಾರಿನಲ್ಲಿ ಮನೆ ಕಟ್ಟಬಹುದೇ?

ಪ್ರಶ್ನೆ: ಮಡಿಕೇರಿಯಲ್ಲಿ ಇಳಿಜಾರಿನ ನಿವೇಶನವೊಂದನ್ನು ನೋಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಮನೆಗಳು ಕುಸಿದದ್ದಕ್ಕೆ ಮಳೆಯೊಂದೇ ಕಾರಣವೇ, ಪಟ್ಟಣ ಬೆಳೆದ ರೀತಿಯೂ ಕಾರಣವೇ?

ಉತ್ತರ 1: ಎರಡೂ ಕಾರಣ. 1681ರಲ್ಲಿ ಕೊಡಗಿನ ಅರಸ ಮುದ್ದುರಾಜನು ರಾಜಧಾನಿಯಾಗಿಸಿಕೊಂಡ ಊರು, ರಸ್ತೆ, ಮನೆ, ಹೋಂಸ್ಟೇಗಳಿಗಾಗಿ ಬೆಟ್ಟದ ಬುಡವನ್ನೇ ಕಡಿಯುತ್ತ ಇಳಿಜಾರುಗಳಿಗೆ ಹಬ್ಬಿತು. ಬುಡದ ಆಸರೆ ತಪ್ಪಿದ ಮಣ್ಣು ನೀರು ಕುಡಿದು ಭಾರವಾದಾಗ ಜಾರಲೇಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಇಳಿಜಾರುಗಳ ಈ ಮಾರ್ಪಾಡನ್ನೇ ಬೊಟ್ಟುಮಾಡಿತ್ತು.

ಉತ್ತರ 2: ಪೂರ್ತಿ ಒಪ್ಪಲಾರೆ. 2019ರಲ್ಲಿ ಬೆಟ್ಟ ಕುಸಿದ ವಿರಾಜಪೇಟೆ ತಾಲ್ಲೂಕಿನ ತೋರ ಒಂದು ಹಳ್ಳಿ, ಪಟ್ಟಣವೇ ಅಲ್ಲ.

ಉತ್ತರ 1: ನಿಜ, ಆದರೆ ಪ್ರಶ್ನೆ ಕೇಳಿದವರು ಕಟ್ಟಹೊರಟಿರುವುದು ಪಟ್ಟಣದಲ್ಲಿ.

ಉತ್ತರ 3: ಮೇಲಿನ ಮನೆಗಳ ಚರಂಡಿ ನೀರು ಎಲ್ಲಿಗೆ ಇಳಿಯುತ್ತದೆ, ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಮಣ್ಣಿನ ಗೋಡೆಯನ್ನು, ಎಷ್ಟು ನೇರವಾಗಿ ಕಡಿದಿದ್ದಾರೆ ಎಂಬುದನ್ನು ಜುಲೈ ಮಳೆಯಲ್ಲೇ ಹೋಗಿ ನೋಡಿ, ಬೇಸಿಗೆಯಲ್ಲಿ ಎಲ್ಲ ನಿವೇಶನವೂ ಚೆಂದವೇ.