ಸಭೆಗೆ ಮಗನನ್ನೂ ಕರೆದುಕೊಂಡು ಹೋಗಿ

ಶಾಲೆಯಲ್ಲಿ ಇಎಚ್‌ಸಿ ಯೋಜನೆಯ (ವಿಶೇಷ ನೆರವು ಬೇಕಾದ ಮಕ್ಕಳ ಶಿಕ್ಷಣ, ಆರೋಗ್ಯ, ಆರೈಕೆಗಾಗಿ ಇಂಗ್ಲೆಂಡಿನ ಸ್ಥಳೀಯ ಆಡಳಿತ ರೂಪಿಸುವ ಲಿಖಿತ ಯೋಜನೆ) ಸಭೆ ಇದೆ, ಮಾತನಾಡದ ಮಗನನ್ನು ಕರೆದೊಯ್ದು ಪ್ರಯೋಜನವೇನು ಎಂದು ಕೇಳಿದ್ದೀರಿ. ಖಂಡಿತ ಕರೆದೊಯ್ಯಿರಿ. ಪೂರ್ತಿ ಹೊತ್ತು ಕೂರಲಾಗದಿದ್ದರೆ ಹತ್ತು ನಿಮಿಷ ಇರಲಿ. ಅದೂ ಆಗದು ಎಂದಾದರೆ ಅವನಿಗೆ ಏನು ಬೇಕು, ಏನು ಬೇಡ ಎಂಬುದನ್ನು ಬೇರೆ ದಾರಿಯಲ್ಲಾದರೂ ಸಭೆಗೆ ಮುಟ್ಟಿಸಿ.

ಇದು ಶಾಲೆಯವರು ತೋರಿಸುವ ದಾಕ್ಷಿಣ್ಯವಲ್ಲ. ಇಂಗ್ಲೆಂಡಿನ 2014ರ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸ್ಥಳೀಯ ಆಡಳಿತವು ಮಗುವಿನ ಮತ್ತು ಪಾಲಕರ ಅಭಿಪ್ರಾಯ, ಇಚ್ಛೆ, ಭಾವನೆಗಳನ್ನು ಪರಿಗಣಿಸಲೇಬೇಕು. ಯೋಜನೆಯ ಎ ಭಾಗ ಇರುವುದೇ ಅದಕ್ಕೆ. ನಮ್ಮವರಲ್ಲಿ ಹಲವರು ಅಲ್ಲಿ ವೈದ್ಯರ ವರದಿಯ ಸಾಲುಗಳನ್ನೇ ನಕಲು ಮಾಡಿ ಕೊಡುತ್ತಾರೆ, ಶಿಕ್ಷಕರಿಗೆ ಎದುರಾಡಬಾರದೆಂಬ ಸಂಕೋಚದಲ್ಲಿ ಎಲ್ಲಕ್ಕೂ ಹೂಂ ಎಂದು ಬರುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಮಗಳಿಗೂ ಮಾತು ಕಡಿಮೆ. ಶಾಲೆಯ ಬೇರೆ ಬೇರೆ ಜಾಗಗಳ ಫೋಟೊಗಳನ್ನು ಮೇಜಿನ ಮೇಲೆ ಹರಡಿ, ಇಷ್ಟವಾದವನ್ನು ಒಂದು ಕಡೆ, ಬೇಡವಾದವನ್ನು ಇನ್ನೊಂದು ಕಡೆ ಇಡಲು ಹೇಳಿದೆವು. ಊಟದ ಹಾಲ್‌ನ ಫೋಟೊವನ್ನು ಅವಳು ಬೋರಲು ಹಾಕಿ, ಅಂಗೈಯಿಂದ ಒತ್ತಿ ಹಿಡಿದಳು. ಮಧ್ಯಾಹ್ನದ ಪಾಠಕ್ಕೆ ಕೂರುವುದಿಲ್ಲ ಎಂಬ ದೂರು ಎಲ್ಲ ವರದಿಗಳಲ್ಲೂ ಇತ್ತು, ಕಾರಣ ಮಾತ್ರ ಒಂದರಲ್ಲೂ ಇರಲಿಲ್ಲ. ಆ ಹಾಲ್‌ನ ಗದ್ದಲ ಅವಳನ್ನು ಹೈರಾಣಾಗಿಸುತ್ತಿತ್ತು. ಈಗ ಇಬ್ಬರು ಗೆಳತಿಯರ ಜೊತೆ ಚಿಕ್ಕ ಕೋಣೆಯಲ್ಲಿ ಊಟ ಮಾಡುತ್ತಾಳೆ. ಆ ವ್ಯವಸ್ಥೆ ಎಫ್ ಭಾಗದಲ್ಲಿ ಲಿಖಿತವಾಗಿದೆ.

ಈ ಎಫ್ ಭಾಗವನ್ನು ಪದ ಬಿಡದೆ ಓದಿ. ಅದರಲ್ಲಿ ಬರೆದ ಶೈಕ್ಷಣಿಕ ನೆರವನ್ನು ಒದಗಿಸುವುದು ಸ್ಥಳೀಯ ಆಡಳಿತದ ಕಾನೂನುಬದ್ಧ ಹೊಣೆ. ‘ಅಗತ್ಯವಿದ್ದಾಗ ಸ್ಪೀಚ್ ಥೆರಪಿ’ ಎಂದಷ್ಟೇ ಇದ್ದರೆ ನಾಳೆ ಹಿಡಿದು ಕೇಳಲು ಏನೂ ಇರುವುದಿಲ್ಲ. ಯಾರು ಕೊಡುತ್ತಾರೆ, ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ ಎಂದು ಬರೆಸಿ. ಕರಡು ಕೈಸೇರಿದ ಮೇಲೆ ಅಭಿಪ್ರಾಯ ತಿಳಿಸಲು ನಿಮಗೆ ಕನಿಷ್ಠ 15 ದಿನ ಸಿಗುತ್ತದೆ.

ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂಬ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ. ಮನೆಮಾತು ಬೇರೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಎನ್ನುವಂತಿಲ್ಲ ಎಂದು ಇದೇ ಕಾಯ್ದೆ ಹೇಳುತ್ತದೆ. ಅಜ್ಜಿಯ ವಿಡಿಯೊ ಕರೆಗಾಗಿ ಅವನು ಕಾಯುತ್ತಾನೆ ಎಂದಿರಲ್ಲ, ಅದನ್ನೂ ಎ ಭಾಗದಲ್ಲಿ ಸೇರಿಸಿ.

ಇಯರ್ 9ರಿಂದ, ಅಂದರೆ 13–14 ವರ್ಷದ ಮಕ್ಕಳ ತರಗತಿಯಿಂದ, ಯೋಜನೆಯ ವಾರ್ಷಿಕ ಪರಿಶೀಲನೆಯಲ್ಲಿ ಉದ್ಯೋಗ, ಸ್ವತಂತ್ರ ಬದುಕು ಮುಂತಾದ ವಿಷಯಗಳೂ ಬರಬೇಕು. ಯೋಜನೆ 25 ವರ್ಷದವರೆಗೂ ಮುಂದುವರಿಯಬಹುದು. ಆದರೆ 16 ತುಂಬಿ ಕಡ್ಡಾಯ ಶಾಲಾ ವಯಸ್ಸು ಮುಗಿದ ಮೇಲೆ, ನಿರ್ಧರಿಸುವ ಸಾಮರ್ಥ್ಯ ಇರುವ ವಿಷಯಗಳಲ್ಲಿ ಹಕ್ಕು ಮಕ್ಕಳದ್ದೇ. ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸುವ ನಮ್ಮ ಮನೆಗಳಿಗೆ ಇದು ಸುಲಭವಲ್ಲ. ಯಾವ ಅಂಗಿ, ಯಾವ ಆಟ ಎಂಬಂಥ ಆಯ್ಕೆಗಳನ್ನು ಈಗಿನಿಂದಲೇ ಅವನಿಗೆ ಬಿಡಿ.

ಸಭೆಗೆ ಒಬ್ಬರೇ ಹೋಗಲು ಅಳುಕಿದ್ದರೆ ವಿಶೇಷ ನೆರವು ಬೇಕಾದ ಮಕ್ಕಳ ಪಾಲಕರಿಗೆ ಮಾಹಿತಿ, ಸಲಹೆ ಕೊಡುವ ನಿಮ್ಮ ಪ್ರದೇಶದ ಸೆಂಡಿಯಾಸ್ ಸೇವೆಗೆ ಕರೆ ಮಾಡಿ. ಅದರ ಸಲಹೆ ಉಚಿತ. ಕರಡು ಬಂದ ದಿನ ನನಗೂ ತಿಳಿಸಿ, ಎಫ್ ಭಾಗವನ್ನು ಒಟ್ಟಿಗೆ ಕೂತು ಓದೋಣ.